ಐದು ಫ್ಯಾಟಿನ ನಲ್ಲಿ ನೀರು

ಇವರಿಗೆ:
ಹೊಂಗೇಕುಂಟೆ ಹಾಲಿನ ಡೈರಿಯ ಒಳಗೋಡೆಯಲ್ಲಿ, ಗಡಿಯಾರದ ಕೆಳಗೆ, ಎರಡು ಮೊಳೆಗಳ ಆಧಾರದ ಮೇಲೆ ವಾಸವಾಗಿರುವ ಪುಟ್ಟ ಕಂಪ್ಯೂಟರ್ ಅವರಿಗೆ.

ಇವರಿಂದ:
ಸದರಿ ಡೈರಿಯ ಕಾರ್ಯದರ್ಶಿ.

ವಿಷಯ: ಶುಕ್ರವಾರದ ಬೆಳಿಗ್ಗೆಗಳಲ್ಲಿ ತಾವು ಹಾಲಿನ ತೂಕವನ್ನು ಫ್ಯಾಟ್ ಎಂದೂ, ಫ್ಯಾಟನ್ನು ತೂಕ ಎಂದೂ ತಿಳಿದುಕೊಂಡ ಬಗ್ಗೆ, ಅದರಿಂದಾಗಿ ಚಿಕ್ಕಲಕ್ಷ್ಮಮ್ಮನವರ ಹೆಸರು ನೋಟಿಸ್ ಬೋರ್ಡಿಗೆ ಏರಿದ ಬಗ್ಗೆ.

ಮಾನ್ಯರೇ,

ಈ ಡೈರಿಗೆ ದಿನಾ ಎರಡು ಹೊತ್ತು ಹಾಲು ಹಾಕುವ ಅರವತ್ತೆರಡು ಮನೆಗಳ ಪರವಾಗಿ, ಆ ಮನೆಗಳ ಹಸುಕರುಗಳ ಪರವಾಗಿ ಮತ್ತು ಸ್ವಂತ ನನ್ನ ಪರವಾಗಿ ತಮಗೆ ಸವಿನಯ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದು ತಮ್ಮ ಹಸಿರು ದೀಪ ಮಿಣುಕುತ್ತಿರುವುದರಿಂದ ತಿಳಿದು ಸಂತೋಷವಾಗಿದೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ಆದರೆ ಈ ಪತ್ರವನ್ನು ಅಂಟಿಸಲಿರುವ ನೋಟಿಸ್ ಬೋರ್ಡಿನ ಮೇಲೆ ಈಗಾಗಲೇ ಹದಿನೈದು ದಿನಕ್ಕೂ ಹೆಚ್ಚು ಕಾಲ ಒಂದು ಸುಳ್ಳು ಇದ್ದು ಹೋಗಿರುವುದರಿಂದ, ಅದೇ ಜಾಗದಲ್ಲಿ ಇನ್ನೊಂದನ್ನು ಅಂಟಿಸುವ ಧೈರ್ಯ ನನಗಿಲ್ಲ. ತಮ್ಮ ಜೊತೆ ಗುಟ್ಟಾಗಿ ಮಾತಾಡಿ ಮುಗಿಸಬಹುದಾಗಿದ್ದ ವಿಷಯವನ್ನು ಹೀಗೆ ಊರಿನ ಕಣ್ಣಿಗೆ ಇಡುತ್ತಿರುವುದಕ್ಕೆ ಕ್ಷಮೆ ಇರಲಿ. ಬೋರ್ಡಿನ ಮೇಲೆ ಹೋದ ಹೆಸರು ಬೋರ್ಡಿನ ಮೇಲೆಯೇ ವಾಪಸ್ ಬರಬೇಕು ಎಂಬುದು ಚಿಕ್ಕಲಕ್ಷ್ಮಮ್ಮನವರ ಷರತ್ತು, ನನ್ನದಲ್ಲ.

ತಮಗೆ ನನ್ನ ಪರಿಚಯ ಇರಲಾರದು. ದಿನಾ ಬೆಳಿಗ್ಗೆ ಸಂಜೆ ತಮ್ಮ ಮುಂದೆ ನಿಂತು ಗುಂಡಿ ಒತ್ತುವ ಬೆರಳು ನನ್ನದೇ. ತಾವು ಬರುವುದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಈ ಡೈರಿಯಲ್ಲಿ ಹಾಲು ಅಳೆದಿದ್ದೇನೆ, ಮೊದಲು ಅಳತೆ ಪಾತ್ರೆಯಲ್ಲಿ, ಆಮೇಲೆ ತೂಕದ ಮಿಷಿನ್ನಿನಲ್ಲಿ. ಕ್ಯಾನು ಕೈಗೆ ಬಂದ ಕೂಡಲೇ ಇದು ಮೂರು, ಇದು ಮೂರೂವರೆ ಎಂದು ಹೇಳಿಬಿಟ್ಟು, ಆಮೇಲೆ ಅದನ್ನು ಮಿಷಿನ್ನಿನ ಮೇಲಿಟ್ಟು, ನನ್ನ ಕೈ ಹೇಳಿದ್ದನ್ನೇ ಅದೂ ಹೇಳುವುದನ್ನು ಸಾಲಿನಲ್ಲಿ ನಿಂತವರಿಗೆ ತೋರಿಸುವುದು ನನ್ನ ಒಂದು ಸಣ್ಣ ಹೆಮ್ಮೆಯಾಗಿತ್ತು. ತಾವು ಬಂದ ದಿನದಿಂದ ಆ ಹೆಮ್ಮೆಯನ್ನು ಬಿಟ್ಟುಕೊಟ್ಟೆ. ಕಂಪ್ಯೂಟರ್ ಇರುವಾಗ ಕೈಯನ್ನು ಕೇಳುವವರು ಯಾರು ಎಂದು ನನಗೆ ನಾನೇ ಹೇಳಿಕೊಂಡೆ, ಸ್ವಲ್ಪ ಆರಾಮವೂ ಆಯಿತು.

ತಮ್ಮನ್ನು ಐದು ವಾರಗಳ ಹಿಂದೆ ಶಿರಾದಿಂದ ಚೇತನ್ ಕುಮಾರ್ ಎಂಬ ಕಂಪ್ಯೂಟರ್ ರಿಪೇರಿಯವರು ಬೈಕಿನ ಪೆಟ್ಟಿಗೆಯಲ್ಲಿ ಕರೆತಂದರು. ತಮ್ಮ ಸ್ವಾಗತಕ್ಕಾಗಿ ಡೈರಿಯ ಅಧ್ಯಕ್ಷರಾದ ಪರ್ವತಯ್ಯನವರು ದೊಡ್ಡ ಮೇಜೊಂದನ್ನು ಖಾಲಿ ಮಾಡಿಸಿ, ಹೊಸ ಬಟ್ಟೆ ಹಾಸಿಸಿ ಕಾದಿದ್ದರು. ಚೇತನ್ ಕುಮಾರ್ ಅಂಗೈಯಗಲದ ಡಬ್ಬಿಯೊಂದನ್ನು ತೆಗೆದು ಅದರ ನಡುವೆ ಇಟ್ಟಾಗ ಪರ್ವತಯ್ಯನವರು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, "ಇಷ್ಟೇನಾ? ಮಿಕ್ಕಿದ್ದು ಯಾವಾಗ ಬತ್ತೈತೆ?" ಎಂದು ಕೇಳಿದ್ದು ತಮ್ಮ ಕಿವಿಗೆ ಬಿದ್ದಿದ್ದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಗಾತ್ರ ನೋಡಿ ಮರ್ಯಾದೆ ಕೊಡುವುದು ನಮ್ಮೂರಿನವರ ಹಳೆಯ ದೋಷ.

ತಮಗೆ ವಹಿಸಿದ ಕೆಲಸ ದೊಡ್ಡದೇನಲ್ಲ. ಒಂದು ಕಡೆ ಹಾಲು ಎಷ್ಟೆಂದು ಹೇಳುವ ತೂಕದ ಮಿಷಿನ್ನು. ಇನ್ನೊಂದು ಕಡೆ ಹಾಲಿನಲ್ಲಿ ಜಿಡ್ಡು ಎಷ್ಟೆಂದು ಹೇಳುವ ಫ್ಯಾಟ್ ಮಿಷಿನ್ನು. ಎರಡೂ ಸೀರಿಯಲ್ ಕೇಬಲ್ ಎಂಬ ಹಳೆಯ ಕಾಲದ ತಂತಿಯಲ್ಲಿ ಅಂಕಿಗಳನ್ನು ಒಂದರ ಹಿಂದೊಂದು ಕಳಿಸುವ ಸ್ವಭಾವದವು. ಆ ತಂತಿಗೆ ತಕ್ಕ ತೂತು ತಮ್ಮ ಮೈಯಲ್ಲಿ ಇಲ್ಲದ್ದರಿಂದ, ಎರಡಕ್ಕೂ ಒಂದೊಂದು ಕನ್ವರ್ಟರ್ ಸಿಕ್ಕಿಸಿ ತಮ್ಮ ಯುಎಸ್‌ಬಿ ತೂತುಗಳಿಗೆ ಸೇರಿಸಲಾಯಿತು. ತಾವು ಎರಡೂ ಕಡೆಯ ಅಂಕಿಯನ್ನು ಕೇಳಿಸಿಕೊಂಡು, ಹಾಲು ತಂದವರ ಹೆಸರಿನ ಮುಂದೆ ಇಷ್ಟು ಲೀಟರ್, ಇಷ್ಟು ಫ್ಯಾಟ್ ಎಂದು ಪರದೆಯ ಮೇಲೆ ತೋರಿಸಿ ಚೀಟಿ ಮುದ್ರಿಸಬೇಕು. ಫ್ಯಾಟ್ ಮೂರಕ್ಕಿಂತ ಕಡಿಮೆ ಬಂದರೆ ಕೆಂಪಕ್ಷರದಲ್ಲಿ 'ಹಾಲು ವಾಪಸ್' ಎನ್ನಬೇಕು. ಹೊರಡುವಾಗ ಚೇತನ್ ಕುಮಾರ್ ನನ್ನನ್ನು ಪಕ್ಕಕ್ಕೆ ಕರೆದು, "ಏನ್ ಬೇಕಾದ್ರೂ ಮಾಡಿ ಸರ್, ಈ ಡಬ್ಬಿ ಸ್ವಿಚ್ ಮಾತ್ರ ಆಫ್ ಮಾಡ್ಬೇಡಿ, ಒಳಗಿರೋ ಕಾರ್ಡ್ ಹೋಗ್ಬಿಡುತ್ತೆ" ಎಂದು ಎಚ್ಚರಿಸಿದರು. ಅಂದಿನಿಂದ ತಮ್ಮ ಸ್ವಿಚ್ಚಿನ ಹತ್ತಿರ ನನ್ನ ನೆರಳೂ ಸುಳಿದಿಲ್ಲ. ಅದೇ ಸಂಜೆ ಆಡಳಿತ ಮಂಡಳಿಯ ಸಭೆ ಸೇರಿ, ಇನ್ನು ಮುಂದೆ ಪರದೆ ಹೇಳಿದ್ದೇ ಅಂತಿಮ ಎಂದು ಠರಾವು ಮಾಡಿತು. ಅನುಮೋದಿಸಿದವನು ನಾನು.

ಇನ್ನು ಶುಕ್ರವಾರದ ವಿಷಯ. ನಮ್ಮದು ತಲೆತಲಾಂತರದಿಂದ ಶಿವಪೂಜೆ ನಡೆಸಿಕೊಂಡು ಬಂದ ಮನೆ. ಅನ್ನ ಕೊಡುವ ಸಾಮಾನಿಗೆ ವಾರಕ್ಕೊಂದು ಸಲವಾದರೂ ವಿಭೂತಿ ಇಡದೆ ಕೆಲಸ ಮಾಡುವುದು ನನ್ನಿಂದಾಗದು. ಆದ್ದರಿಂದ ಪ್ರತಿ ಶುಕ್ರವಾರ ಬೆಳಿಗ್ಗೆ, ಮೊದಲ ಕ್ಯಾನು ಬರುವುದಕ್ಕೆ ಕಾಲು ಗಂಟೆ ಮುಂಚೆ, ಸ್ನಾನ ಮುಗಿಸಿ ಬಂದು, ಎರಡೂ ಮಿಷಿನ್ನುಗಳ ತಂತಿಗಳನ್ನು ತಮ್ಮಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಮೈಯೆಲ್ಲ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಅವುಗಳ ಮುಖಕ್ಕೆ ಸೇವಂತಿಗೆ ಹಾರ ಇಳಿಬಿಟ್ಟು, ಊದುಬತ್ತಿ ಬೆಳಗಿ, ತಂತಿಗಳನ್ನು ಮತ್ತೆ ಸಿಕ್ಕಿಸುತ್ತೇನೆ. ಸಿಕ್ಕಿಸುವುದರಲ್ಲೂ ಒಂದು ಕ್ರಮ ಇಟ್ಟುಕೊಂಡಿದ್ದೆ. ಗುಣ ನೋಡುವವರು ಹಿರಿಯರು, ಭಾರ ನೋಡುವವರು ಕಿರಿಯರು ಎಂದು ಭಾವಿಸಿ, ಫ್ಯಾಟ್ ಮಿಷಿನ್ನಿನ ತಂತಿಯನ್ನು ಮೊದಲು, ತೂಕದ ಮಿಷಿನ್ನಿನದನ್ನು ಆಮೇಲೆ. ಎರಡನ್ನೂ ಅವವುಗಳ ತೂತಿಗೇ ಸೇರಿಸುತ್ತಿದ್ದೆ. ತೂತು ತಪ್ಪಿದೆ ಎಂದು ಯಾರೂ ಹೇಳಕೂಡದು. ಸ್ವಿಚ್ ಮುಟ್ಟಬಾರದಾದ್ದರಿಂದ, ತಾವು ಎಚ್ಚರವಾಗಿರುವಾಗಲೇ ತಮ್ಮ ನೆತ್ತಿಗೂ ಒಂದು ವಿಭೂತಿ.

ಮಿಷಿನ್ನುಗಳಿಗೂ ಅವುಗಳದೇ ಕೆಂಪು ಅಂಕಿಗಳು ಇವೆಯಲ್ಲ, ಅದನ್ನು ನೋಡಿದ್ದರೆ ಸಾಕಿತ್ತಲ್ಲ ಎಂದು ತಾವು ಕೇಳಬಹುದು. ಇವೆ. ಶುಕ್ರವಾರ ಅವುಗಳ ಮೇಲೆ ಹಾರ ಇರುತ್ತದೆ. ದೇವರ ಹೂವನ್ನು ಸರಿಸಿ ಅಂಕಿ ನೋಡಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ, ಏಕೆಂದರೆ ತಾವು ಇದ್ದಿರಿ.

ಪೂಜೆಯ ಫಲ ಮೊದಲ ಶುಕ್ರವಾರವೇ ಕಂಡಿತು. ನಮ್ಮೂರಿನ ಸೀಮೆಹಸುಗಳು ಹೆಚ್ಚಾಗಿ ಹೊತ್ತಿಗೆ ನಾಲ್ಕೋ ಐದೋ ಲೀಟರ್ ಕೊಡುವಂಥವು, ಅವುಗಳ ಹಾಲಿನ ಫ್ಯಾಟೂ ನಾಲ್ಕರ ಹಿಂದುಮುಂದು. ಹೀಗಾಗಿ ತಾವು ಎರಡನ್ನು ಅದಲುಬದಲು ಮಾಡಿದರೂ ಬಹಳ ಜನಕ್ಕೆ ವ್ಯತ್ಯಾಸವೇ ತಿಳಿಯಲಿಲ್ಲ. ಚೂರು ಫ್ಯಾಟ್ ಹೆಚ್ಚು ಬಂದವರು ಪೂಜೆ ಮಾಡಿದವರ ಕೈಗುಣ ಎಂದು ನನ್ನನ್ನು ಹೊಗಳಿದರು. ನಾನು ಬೇಡ ಅನ್ನಲಿಲ್ಲ. ಆದರೆ ನಿಜವಾದ ಪವಾಡ ನಡೆದದ್ದು ಪರ್ವತಯ್ಯನವರ ಕ್ಯಾನಿನಲ್ಲಿ. ಮೂರು ಹಸುಗಳ ಒಡೆಯರಾದ ಅವರು ಎಂದಿನಂತೆ ಒಂಬತ್ತು ಲೀಟರ್ ಹಾಲು ತಂದರೆ, ತಾವು ಮೂರು ಪಾಯಿಂಟ್ ಎಂಟು ಲೀಟರ್, ಒಂಬತ್ತು ಫ್ಯಾಟ್ ಎಂದು ತೋರಿಸಿದಿರಿ. ಒಂಬತ್ತು ಫ್ಯಾಟಿನ ಹಸುವಿನ ಹಾಲನ್ನು ನಾನು ಕೇಳಿಯೂ ಇರಲಿಲ್ಲ. ಲೀಟರ್ ಏಕೆ ಇಳಿಯಿತು ಎಂದು ಯಾರೋ ಅನುಮಾನಪಟ್ಟಾಗ ಪರ್ವತಯ್ಯನವರು ಕ್ಷಣವೂ ತಡಮಾಡದೆ, "ಹಾಲು ಗಟ್ಟಿ ಆಗೈತೆ ಕಣ್ರಲಾ, ಗಟ್ಟಿ ಆದ್ರೆ ಅಳತೆ ಕುಗ್ಗಲ್ವಾ?" ಎಂದು ವಿಜ್ಞಾನವನ್ನು ಮುಗಿಸಿದರು.

ಗುರುವಾರ ಸಂಜೆ ಹಸುಗಳಿಗೆ ಕಡಲೆಕಾಯಿ ಹಿಂಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಇಡುವುದೇ ಇದಕ್ಕೆ ಕಾರಣವೆಂದು ಅವರು ಪತ್ತೆಹಚ್ಚಿದರು. ಮುಂದಿನ ಗುರುವಾರ ಊರಿನಲ್ಲಿ ಹಿಂಡಿಯೂ ಸಿಗಲಿಲ್ಲ, ಬೆಲ್ಲವೂ ಸಿಗಲಿಲ್ಲ. ಕೊರಟಗೆರೆ ಕಡೆಯ ಡೈರಿಯೊಂದರಿಂದ ಎಂಟು ಜನ ವ್ಯಾನು ಮಾಡಿಕೊಂಡು ಬಂದು, ಆ ಮೂರು ಹಸುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು. ಅಧ್ಯಕ್ಷರಿಗೆ ಅಧ್ಯಕ್ಷರ ಅಧ್ಯಕ್ಷತೆಯಲ್ಲೇ ಶಾಲು ಹೊದಿಸಲಾಯಿತು. ಆ ಸನ್ಮಾನದಲ್ಲಿ ಅರ್ಧ ಪಾಲು ತಮಗೆ ಸಲ್ಲಬೇಕಿತ್ತು; ಆದರೆ ತಮ್ಮ ಅಳತೆಯ ಶಾಲು ಮಧುಗಿರಿಯ ಅಂಗಡಿಯಲ್ಲೂ ಸಿಗಲಿಲ್ಲ.

ಇಲ್ಲಿಯವರೆಗಿನದು ನಗುವ ವಿಷಯ, ಮಾನ್ಯರೇ. ಇನ್ನು ಮುಂದಿನದು ಅಲ್ಲ.

ಚಿಕ್ಕಲಕ್ಷ್ಮಮ್ಮನವರದು ಒಂದೇ ನಾಟಿ ಹಸು. ಕರುವಿಗೆ ಎರಡು ಮೊಲೆ ಬಿಟ್ಟು ಎರಡು ಕರೆಯುವುದು ಅವರ ಅತ್ತೆಯ ಕಾಲದಿಂದ ಬಂದ ನಡವಳಿಕೆ. ಆದ್ದರಿಂದ ಅವರ ಕ್ಯಾನಿನಲ್ಲಿ ಎಂದೂ ಎರಡೂವರೆ ಲೀಟರ್ ದಾಟಿದ್ದಿಲ್ಲ, ಆದರೆ ಫ್ಯಾಟ್ ನಾಲ್ಕಕ್ಕಿಂತ ಇಳಿದದ್ದೂ ಇಲ್ಲ. ಊರಿನಲ್ಲಿ ಮೂರು ಲೀಟರಿಗಿಂತ ಕಡಿಮೆ ತರುವವರು ಅವರೊಬ್ಬರೇ. ಊರಿನಲ್ಲಿ ಯಾರ ಮನೆಯ ಗೃಹಪ್ರವೇಶವಾದರೂ ಹೊಸ ಒಲೆಯ ಮೇಲೆ ಉಕ್ಕಿಸುವ ಮೊದಲ ಹಾಲು ಅವರ ಮನೆಯಿಂದಲೇ ಹೋಗಬೇಕು. ಅವರ ಹಾಲು ಉಕ್ಕಿದ ಮನೆಯಲ್ಲಿ ಯಾವುದಕ್ಕೂ ಕಡಿಮೆಯಾಗುವುದಿಲ್ಲ ಎಂಬ ನಂಬಿಕೆ. ಅವರಿಗೆ ಹೊಲ ಕಡಿಮೆ, ಮಾತೂ ಕಡಿಮೆ. ಈ ಊರಿನಲ್ಲಿ ಅವರಿಗೆ ಇದ್ದ ಆಸ್ತಿ ಎಂದರೆ ಆ ಒಂದು ಹೆಸರು.

ಮೊದಲ ಶುಕ್ರವಾರ ಅವರು ತಂದ ಹಾಲಿಗೆ ತಾವು ನಾಲ್ಕು ಪಾಯಿಂಟ್ ಮೂರು ಲೀಟರ್, ಎರಡು ಪಾಯಿಂಟ್ ನಾಲ್ಕು ಫ್ಯಾಟ್ ಎಂದು ತೋರಿಸಿ, ಕೆಂಪಕ್ಷರದಲ್ಲಿ ವಾಪಸ್ ಎಂದಿರಿ. ಗಮನಿಸಬೇಕು: ಹಾಲು ಹೆಚ್ಚಾಗಿದೆ, ಜಿಡ್ಡು ಕಡಿಮೆಯಾಗಿದೆ. ನೀರು ಬೆರೆಸಿದ ಹಾಲಿನ ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ಬರೆಯಲು ಯಾವ ಕಳ್ಳನಿಂದಲೂ ಆಗದು. ಆಗ ಅವರು ತಮ್ಮ ಪರದೆಯನ್ನೇ ನೋಡುತ್ತಾ, "ನಮ್ಮ ಹಸ ಯಾವತ್ತೂ ನಾಕು ಲೀಟ್ರು ಕೊಟ್ಟಿಲ್ಲ ಅಯ್ನೋರೇ. ಅದು ತಪ್ಪು ಯೋಳ್ತಾ ಐತೆ" ಎಂದರು. ಹೆಚ್ಚು ಬಂದದ್ದನ್ನು ಹೆಚ್ಚು ಎಂದು ತಾವಾಗಿ ಒಪ್ಪಿಕೊಂಡವರನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿರಲಿಲ್ಲ. ಹಿಂದೆಯೇ ನಿಂತಿದ್ದ ಪರ್ವತಯ್ಯನವರು, "ಹಸ ಕೊಟ್ಟಿಲ್ಲ ಅಂದ್ಮ್ಯಾಲೆ ಮಿಕ್ಕಿದ್ದು ನಲ್ಲಿ ಕೊಟ್ಟಿರ್ಬೇಕಲ್ಲಮ್ಮ" ಎಂದರು. ಸಾಲಿನಲ್ಲಿ ಇದ್ದವರು ನಕ್ಕರು. ನಾನು ಪರದೆಯನ್ನೇ ನೋಡಿದೆ.

ಅದೇ ಸಂಜೆ ಅವರ ಹಾಲಿಗೆ ಎಂದಿನ ಹಾಗೆ ನಾಲ್ಕು ಪಾಯಿಂಟ್ ಎರಡು ಫ್ಯಾಟ್ ಬಂತು. ಶನಿವಾರವೂ ಸರಿ, ಗುರುವಾರದವರೆಗೂ ಸರಿ. ಮತ್ತೆ ಶುಕ್ರವಾರ ಬೆಳಿಗ್ಗೆ ವಾಪಸ್. ಬರೀ ಶುಕ್ರವಾರ ಏಕೆ ಎಂಬುದಕ್ಕೆ ಊರು ಉತ್ತರ ಹುಡುಕಿಕೊಂಡಿತು. ಶುಕ್ರವಾರ ಮನೆಯ ಲಕ್ಷ್ಮಿಗೆ ಹಾಲು ಎತ್ತಿಟ್ಟು, ಕಡಿಮೆಯಾದಷ್ಟಕ್ಕೆ ನೀರು ತುಂಬಿಸಿಕೊಂಡು ಬರುತ್ತಾರೆ ಎಂಬುದು ಆ ಉತ್ತರ. ಇದನ್ನು ಕೇಳಿದ ಚಿಕ್ಕಲಕ್ಷ್ಮಮ್ಮನವರು ನಲ್ಲಿಯ ಹತ್ತಿರ ಇದ್ದ ಹೆಂಗಸರಿಗೆ, "ದೇವ್ರಿಗೆ ಹಾಲು ಕೊಟ್ಟು ಊರಿಗೆ ನೀರು ಕೊಟ್ರೆ ಆ ದೇವ್ರು ಸುಮ್ಕೆ ಬುಡ್ತಾಳಾ?" ಎಂದು ಕೇಳಿದರಂತೆ.

ಮೂರನೆಯ ಶುಕ್ರವಾರವೂ ಹಾಗೇ ಆದಾಗ, ನಿಯಮದ ಪ್ರಕಾರ ಬೋರ್ಡಿಗೆ ನೋಟಿಸ್ ಹಾಕಿದೆವು. ನನ್ನ ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ಯಾವಾಗಲೂ ನನಗೇ. ಬರೆದದ್ದು ಇಷ್ಟು: 'ಮನೆ ನಂಬರ್ ೪೧, ದಿವಂಗತ ಸಂಜೀವಯ್ಯನವರ ಪತ್ನಿ ಚಿಕ್ಕಲಕ್ಷ್ಮಮ್ಮ ಎಂಬುವವರು ಹಾಲಿಗೆ ನೀರು ಬೆರೆಸಿರುವುದು ಕಂಡುಬಂದಿದ್ದು, ಇದನ್ನು ಎಲ್ಲರ ಗಮನಕ್ಕೆ ತರಲಾಗಿದೆ.' ಯಾವ ಚಿಕ್ಕಲಕ್ಷ್ಮಮ್ಮ ಎಂದು ಯಾರಿಗೂ ಅನುಮಾನ ಬರಬಾರದೆಂದು 'ಚಿಕ್ಕಲಕ್ಷ್ಮಮ್ಮ' ಎಂಬುದರ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಅಂದಿನಿಂದ ಅವರು ಡೈರಿಗೆ ಬರುವುದನ್ನು ಬಿಟ್ಟರು. ಮುಂದಿನ ಬುಧವಾರ ಅವರ ಎದುರು ಮನೆಯ ಗಂಗಲಕ್ಷ್ಮಮ್ಮನವರ ಹೊಸ ಮನೆಯ ಗೃಹಪ್ರವೇಶ. ಆ ಮನೆಯ ಪಾಯ ತೆಗೆದ ದಿನವೇ, ಹಾಲು ನಿಮ್ಮದೇ ಎಂದು ಚಿಕ್ಕಲಕ್ಷ್ಮಮ್ಮನವರಿಗೆ ಹೇಳಿಟ್ಟಿದ್ದರಂತೆ. ಅವರು ಬೆಳಿಗ್ಗೆಯೇ ಹಾಲು ಕರೆದು, ತಂಬಿಗೆಗೆ ತುಂಬಿ, ಮೇಲೊಂದು ವೀಳ್ಯದೆಲೆ ಮುಚ್ಚಿ, ಕರೆಯಲು ಬರುತ್ತಾರೆಂದು ಬಾಗಿಲಲ್ಲಿ ಕೂತಿದ್ದರು. ಪುರೋಹಿತರ ಜೊತೆ ನಾನೂ ಹೊಸ ಮನೆಯ ಒಳಗೆ ಇದ್ದೆ, ಕಂಡದ್ದನ್ನೇ ಬರೆಯುತ್ತಿದ್ದೇನೆ. ಒಲೆಯ ಮೇಲೆ ಉಕ್ಕಿದ್ದು ಅಂಗಡಿಯ ಪ್ಯಾಕೆಟ್ ಹಾಲು. ಗಂಗಲಕ್ಷ್ಮಮ್ಮನವರು ಪ್ಯಾಕೆಟ್ಟನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಸುರಿಯುವಾಗ ಬೀದಿಯ ಕಡೆಗೆ ಬೆನ್ನು ಮಾಡಿ ನಿಂತಿದ್ದರು. ಎದುರು ಬಾಗಿಲಲ್ಲಿದ್ದ ಚಿಕ್ಕಲಕ್ಷ್ಮಮ್ಮನವರು ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಹಾಲನ್ನೆಲ್ಲ ಕರುವಿಗೆ ಕುಡಿಸಿದರಂತೆ. ಊಟಕ್ಕೆ ಕೂತಾಗ ಎಲೆಯ ಮೇಲಿನ ಅನ್ನವನ್ನು ಹಾಗೇ ಬಿಟ್ಟೆ. ಪಾಯಸ ಮಾತ್ರ ಎರಡು ಸಲ ಬಡಿಸಿದರು, ತಿಂದೆ.

ಐದನೆಯ ಶುಕ್ರವಾರ, ಅಂದರೆ ಮೊನ್ನೆ, ಅವರು ಮತ್ತೆ ಸಾಲಿನಲ್ಲಿ ನಿಂತಿದ್ದರು. ಅವರ ಮುಂದೆ ಪರ್ವತಯ್ಯನವರ ಒಂಬತ್ತು ಫ್ಯಾಟ್ ಆಗಿಹೋಗಿತ್ತು. ಸರದಿ ಬಂದಾಗ ಚಿಕ್ಕಲಕ್ಷ್ಮಮ್ಮನವರು ಕ್ಯಾನನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದು ಎಲ್ಲರಿಗೂ ಕಾಣುವಂತೆ ಓರೆ ಮಾಡಿದರು. ಒಳಗೆ ಇದ್ದದ್ದು ನೀರು, ತಳ ಕಾಣುವಷ್ಟು ತಿಳಿಯಾದ ನಲ್ಲಿ ನೀರು. ಇದನ್ನು ಅಳೆಯುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಎಂದು ನಾನು ಅಂದೆ. ಅವರು ದನಿ ಎತ್ತದೆ, "ಹಾಲಿಗೆ ನೀರು ಹಾಕ್ತೀನಿ ಅಂತ ಬರ್ದಿದ್ದೀರಲ್ಲ ಅಯ್ನೋರೇ. ಇವತ್ತು ಬರೀ ನೀರೇ ತಂದಿವ್ನಿ. ನಿಮ್ಮ ಡಬ್ಬಕ್ಕೆ ನೀರಿನ ಗುರುತು ಸಿಕ್ತೈತಾ ನೋಡಾನ, ಅಳೀರಿ" ಎಂದರು. ಅಳೆದೆ. ಫ್ಯಾಟ್ ಮಿಷಿನ್ನಿನ ಕೆಳಗೆ ನೀರು ಹಿಡಿದೆ, ಕ್ಯಾನನ್ನು ತೂಕಕ್ಕೆ ಇಟ್ಟೆ. ತಾವು ಸ್ವಲ್ಪವೂ ಅಳುಕದೆ ಲೀಟರ್ ಸೊನ್ನೆ, ಫ್ಯಾಟ್ ಐದು ಎಂದು ತೋರಿಸಿ, 'ಗುಣಮಟ್ಟ ಅತ್ಯುತ್ತಮ, ಧನ್ಯವಾದಗಳು' ಎಂಬ ಚೀಟಿಯನ್ನು ಮುದ್ರಿಸಿದಿರಿ.

ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಬಂದವರೆಲ್ಲ ಹೇಳಿ ಹೋಗಿದ್ದಾರೆ; ಐದು ಫ್ಯಾಟ್ ಇದೆ ಎಂದು ಕಂಡುಹಿಡಿದವರು ತಾವೊಬ್ಬರೇ. ಪಾವಗಡದಿಂದ ಸೊಸೆಯಾಗಿ ಬಂದ ಮಾರಕ್ಕ ಚೀಟಿಯನ್ನು ಇಸಿದುಕೊಂಡು, "ನೀಳ್ಳಿಗೆ ಐದು ಫ್ಯಾಟಂತೆ, ಚೂಡಂಡಿ!" ಎಂದು ತೆಲುಗು ಬೆರೆಸಿ ಕೂಗುತ್ತಾ, ನೀರಿನ ಆ ಚೀಟಿಯನ್ನು ಸಾಲಿನ ಕಡೆಯವರೆಗೂ ತೋರಿಸಿಕೊಂಡು ಹೋದಳು. ಯಾರು ಮೊದಲು ಕೈ ಹಾಕಿದರೋ ತಿಳಿಯದು, ತೂಕದ ಮಿಷಿನ್ನಿನ ಮುಖದಿಂದ ಹಾರ ಸರಿಯಿತು. ಅಲ್ಲಿ ಕೆಂಪು ಅಂಕಿ ಐದು ಎಂದು ಇತ್ತು. ಫ್ಯಾಟ್ ಮಿಷಿನ್ನಿನ ಹಾರದ ಹಿಂದೆ ಸೊನ್ನೆ ಇತ್ತು. ಇಬ್ಬರೂ ಪಾಪ ನಿಜವನ್ನೇ ಹೇಳುತ್ತಾ ಹೂವಿನ ಹಿಂದೆ ನಿಂತಿದ್ದರು.

ಮಧ್ಯಾಹ್ನ ಬಂದ ಚೇತನ್ ಕುಮಾರ್ ತಮ್ಮ ಒಳಗನ್ನು ಅರ್ಧ ಗಂಟೆ ನೋಡಿ, ಆಮೇಲೆ ನಾನು ಪೂಜೆ ಮಾಡುವ ಕ್ರಮವನ್ನು ಎರಡು ಸಲ ಹೇಳಿಸಿ ಕೇಳಿ, ತಲೆಯ ಮೇಲೆ ಕೈ ಹೊತ್ತು ಕೂತರು. "ಸರ್, ಎರಡು ಕನ್ವರ್ಟರೂ ಒಂದೇ ಥರದ್ದು, ಒಳಗೆ ಗುರುತಿನ ನಂಬರೇ ಇಲ್ಲ. ಡಬ್ಬಿ ಆನ್ ಆಗೋವಾಗ ತೂತಿನ ಲೆಕ್ಕದಲ್ಲಿ ತಗೊಳುತ್ತೆ, ತೂಕ ಫಸ್ಟು, ಫ್ಯಾಟ್ ಸೆಕೆಂಡು. ಆನ್ ಇರೋವಾಗಲೇ ಕಿತ್ತು ಹಾಕಿದ್ರೆ ಯಾವ ತೂತು ಅಂತ ನೋಡಲ್ಲ, ಯಾವುದು ಮೊದಲು ಬಂತೋ ಅದನ್ನೇ ತೂಕ ಅನ್ಕೊಳ್ಳುತ್ತೆ. ನೀವು ಫ್ಯಾಟ್ ಮೊದಲು ಹಾಕಿದ್ದೀರ" ಎಂದರು. ಹಾಗಾದರೆ ಸಂಜೆಗೆ ಹೇಗೆ ಸರಿಯಾಗುತ್ತಿತ್ತು ಎಂದು ಕೇಳಿದೆ. ಕರೆಂಟು ಹೋಗಿ ಬರುವುದರಿಂದ ಎಂದರು. ಪಕ್ಕದ ಪಾವಗಡದಲ್ಲಿ ಬಿಸಿಲನ್ನೇ ಕರೆಂಟು ಮಾಡಿ ಎಲ್ಲೆಲ್ಲಿಗೋ ಕಳಿಸುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಹೋದ ಕರೆಂಟು ಮಧ್ಯಾಹ್ನ ಬರುತ್ತದೆ. ತಾವು ಆರಿ ಮತ್ತೆ ಹತ್ತಿಕೊಂಡಾಗ ತೂತಿನ ಲೆಕ್ಕಕ್ಕೆ ಮರಳುತ್ತಿದ್ದಿರಿ. ನಾನು ಹೆದರಿ ಮುಟ್ಟದೇ ಇದ್ದ ಸ್ವಿಚ್ಚಿನ ಕೆಲಸವನ್ನು ಕರೆಂಟು ದಿನಾ ಮಾಡುತ್ತಿತ್ತು, ಕಾರ್ಡಿಗೆ ಏನೂ ಆಗಿಲ್ಲ.

ಮಾನ್ಯರೇ, ಯಾರು ಮೊದಲು ಬಂದರೋ ಅವರಿಗೇ ಮೊದಲ ಸ್ಥಾನ ಎಂಬ ತಮ್ಮ ತತ್ತ್ವವನ್ನು ನಾನು ಮನಸಾರೆ ಗೌರವಿಸುತ್ತೇನೆ. ಯಾರು ಎಷ್ಟು ಹೊತ್ತಿಗೆ ಬಂದರೂ ಪರ್ವತಯ್ಯನವರ ಕ್ಯಾನು ಮೊದಲು ಎಂಬ ಪದ್ಧತಿ ಇರುವ ಈ ಡೈರಿಯಲ್ಲಿ ತಮ್ಮಷ್ಟು ನಿಷ್ಪಕ್ಷಪಾತಿ ಬೇರೊಬ್ಬರಿಲ್ಲ. ಬಂದವರ ಹೆಸರು, ಕುಲ, ಕಸುಬು ಯಾವುದನ್ನೂ ಕೇಳದೆ ಮೊದಲನೆಯವರನ್ನು ತೂಕ ಎಂದೂ ಎರಡನೆಯವರನ್ನು ಫ್ಯಾಟ್ ಎಂದೂ ಒಪ್ಪಿಕೊಳ್ಳುವ ತಮ್ಮ ದೊಡ್ಡ ಮನಸ್ಸಿಗೆ ಏನು ಹೇಳಲಿ. ನಮ್ಮ ಚಿಕ್ಕ ಕೋರಿಕೆ ಇಷ್ಟೇ: ಒಂದು ಸಲ, ಒಂದೇ ಒಂದು ಸಲ, ನೀವು ಯಾರು ಎಂದು ಕೇಳಬಹುದಿತ್ತು. ಈಗ ಚೇತನ್ ಕುಮಾರ್ ಪ್ರತಿ ತೂತಿಗೂ ಒಂದು ಖಾಯಂ ಹೆಸರು ಕಟ್ಟಿ ಹೋಗಿದ್ದಾರೆ. ನಾನೂ ಎರಡು ಕೇಬಲ್ಲುಗಳಿಗೆ ಬಿಳಿ ಬಣ್ಣದಲ್ಲಿ 'ತೂಕ', 'ಫ್ಯಾಟ್' ಎಂದು ಬರೆದಿದ್ದೇನೆ, ತಾವು ಓದುವುದಿಲ್ಲ ಎಂದು ತಿಳಿದೇ.

ಮುಂದಿನ ತಿಂಗಳು ಹಾಲಿನ ಬಿಸಿ ನೋಡುವ ಮೂರನೆಯ ಮಿಷಿನ್ನೂ ತಮ್ಮ ಸೇವೆಗೆ ಬರಲಿದೆ. ಎರಡು ತಂತಿಗೇ ಇಷ್ಟು ಸಾಧಿಸಿದ ತಾವು ಮೂರು ತಂತಿಯಲ್ಲಿ ಏನೇನು ಮಾಡಬಲ್ಲಿರಿ ಎಂಬ ಯೋಚನೆಯಲ್ಲಿ ಆಡಳಿತ ಮಂಡಳಿಯ ಇಬ್ಬರು ಸದಸ್ಯರು ರಾಜೀನಾಮೆ ಕೊಡುವ ಮಾತಾಡುತ್ತಿದ್ದಾರೆ. ಮೂವತ್ತೈದು ಡಿಗ್ರಿ ಬಿಸಿಯನ್ನು ತಾವು ಮೂವತ್ತೈದು ಫ್ಯಾಟ್ ಎಂದುಕೊಂಡರೆ ಪರ್ವತಯ್ಯನವರಿಗೆ ಹೊದಿಸಲು ನಮ್ಮಲ್ಲಿ ಜಮಖಾನೆಯೇ ಬೇಕಾಗುತ್ತದೆ. ಅವರು ಈಗಲೂ ಒಂಬತ್ತು ಫ್ಯಾಟ್ ತಮ್ಮ ಹಸುಗಳದೇ ಎಂದೂ, ನೀರಿನ ಐದು ಮಾತ್ರ ಡಬ್ಬಿಯ ತಪ್ಪು ಎಂದೂ ವಾದಿಸುತ್ತಾರೆ. ಶಾಲನ್ನು ವಾಪಸ್ ಕೇಳುವ ಸಂದರ್ಭ ಬಂದಿಲ್ಲ.

ಕೊನೆಯದಾಗಿ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ತಾವು ದಯಮಾಡಿ ಆ ಎರಡು ಮೊಳೆಗಳಿಂದ ಇಳಿದು, ತಮ್ಮ ತಂತಿಗಳನ್ನು ತಾವೇ ಸುತ್ತಿಕೊಂಡು, ಮನೆ ನಂಬರ್ ೪೧ರ ಬಾಗಿಲಿಗೆ ಹೋಗಿ, ಆ ಅಮ್ಮನವರ ಎದುರು ತಪ್ಪಾಯಿತು ಎಂದು ಒಂದು ಚೀಟಿ ಮುದ್ರಿಸಿ ಕೊಡಬೇಕು. ಗಂಗಲಕ್ಷ್ಮಮ್ಮನವರ ಮನೆಯ ಒಲೆಯ ಮೇಲೆ ಉಕ್ಕಿದ ಪ್ಯಾಕೆಟ್ ಹಾಲನ್ನು ಪ್ಯಾಕೆಟ್ಟಿಗೆ ವಾಪಸ್ ತುಂಬಿ, ಆ ಬುಧವಾರವನ್ನು ಮೊದಲಿನಿಂದ ಶುರುಮಾಡಲು ತಮ್ಮಲ್ಲಿ ಏನಾದರೂ ಗುಂಡಿ ಇದ್ದರೆ ಅದನ್ನೂ ಒತ್ತಬೇಕು. ಇವೆರಡೂ ತಮ್ಮಿಂದ ಆಗದ ಪಕ್ಷದಲ್ಲಿ, ನಡೆದದ್ದಕ್ಕೆಲ್ಲ ತಾವೂ, ಗುರುತಿನ ನಂಬರಿಲ್ಲದ ಆ ಎರಡು ಕನ್ವರ್ಟರುಗಳೂ ಸಂಪೂರ್ಣ ಹೊಣೆ ಎಂದು ಈ ಮೂಲಕ ತಿಳಿಯಪಡಿಸುತ್ತೇನೆ. ಹಳೆಯ ನೋಟಿಸನ್ನು ತೆಗೆದು ಈ ಪತ್ರವನ್ನು ಅದೇ ಜಾಗದಲ್ಲಿ ಅಂಟಿಸಿದ್ದೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ಮರೆತದ್ದು: ಈ ಪತ್ರ ಸೋಮವಾರ ಬೆಳಿಗ್ಗೆ ಬೋರ್ಡಿಗೆ ಏರಿತು. ಸಂಜೆ ಚಿಕ್ಕಲಕ್ಷ್ಮಮ್ಮನವರು ಸೊಸೆ ತೇಜಸ್ವಿನಿಯನ್ನು ಕರೆದುಕೊಂಡು ಬಂದು, ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿಸಿ ಕೇಳಿದರು. ಜಮಖಾನೆಯ ಹತ್ತಿರ ನಕ್ಕರು, ಪ್ಯಾಕೆಟ್ ಹಾಲಿನ ಹತ್ತಿರ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮುಗಿದ ಮೇಲೆ ನನ್ನ ಕಡೆಗೆ ತಿರುಗಿ, ಎಂದಿನ ಮರ್ಯಾದೆಯಲ್ಲಿ ಚೂರೂ ಕಡಿಮೆ ಮಾಡದೆ, "ಚೆಂದಾಗಿ ಬರ್ದಿದ್ದೀರ ಅಯ್ನೋರೇ. ಡಬ್ಬಕ್ಕೆ ಬೈದಿದ್ದೀರ, ತಂತಿಗೆ ಬೈದಿದ್ದೀರ, ಪರ್ವತಯ್ಯನ್ನೂ ಬುಟ್ಟಿಲ್ಲ. ಆ ಡಬ್ಬಕ್ಕೆ ಕೈ ಐತಾ? ಮೂರು ಶುಕ್ರವಾರ ನನ್ನ ಕ್ಯಾನು ಎತ್ತಿ ತೂಕಕ್ಕೆ ಮಡಗಿದ್ದು ಯಾರ ಕೈ? ಅದನ್ನ ಬರೀಲೇ ಇಲ್ವಲ್ಲ" ಎಂದರು. ಹಳೆಯ ನೋಟಿಸಿನಲ್ಲಿ ಅವರ ಹೆಸರಿನ ಕೆಳಗೆ ಗೆರೆಯಿತ್ತು, ಈ ಪತ್ರದ ಕೆಳಗೆ ಬರೆದವರ ಹೆಸರೇ ಇಲ್ಲ ಎಂಬುದನ್ನು ತೇಜಸ್ವಿನಿ ತೋರಿಸಿದಳು.

ಬರೆಯುತ್ತಿದ್ದೇನೆ. ಆ ಮೂರು ಬೆಳಿಗ್ಗೆಯೂ ಕ್ಯಾನು ಹಗುರವಾಗಿತ್ತು. ಎರಡೂವರೆಗೆ ಒಂದು ಲೋಟ ಕಡಿಮೆ ಎಂದು ಎತ್ತಿದ ಕೂಡಲೇ ಗೊತ್ತಾಗಿತ್ತು. ಪರದೆ ನಾಲ್ಕು ಎಂದಾಗ ಅದನ್ನು ಹೇಳಲಿಲ್ಲ. ಕಂಪ್ಯೂಟರ್ ಅವರು ಈ ವಿಷಯದಲ್ಲಿ ಬಿಡುಗಡೆ ಹೊಂದಿರುತ್ತಾರೆ, ಅವರಿಗೆ ಗೊತ್ತಿರಲಿಲ್ಲ. ಆದ್ದರಿಂದ:

'ಮನೆ ನಂಬರ್ ೧೭, ದಿವಂಗತ ನಂಜುಂಡಯ್ಯನವರ ಪುತ್ರ ರೇಣುಕಯ್ಯ ಎಂಬುವವರು ತಮ್ಮ ಕೈಗೆ ಗೊತ್ತಿದ್ದ ತೂಕವನ್ನು ಬಾಯಿ ಬಿಟ್ಟು ಹೇಳದೇ ಇದ್ದದ್ದು ಕಂಡುಬಂದಿದ್ದು, ಇದನ್ನು ಎಲ್ಲರ ಗಮನಕ್ಕೆ ತರಲಾಗಿದೆ.'

ಗೆರೆಯನ್ನು ತೇಜಸ್ವಿನಿ ಎಳೆದಳು.